ಹವ್ಯಾಸಿ ನಿರ್ಮಿತ ವಿಮಾನಗಳು: ಕಾನೂನಿನ ಹೊಣೆ ಮತ್ತು ವಿಮೆ

ಒಬ್ಬ ವ್ಯಕ್ತಿಯೋ ಚಿಕ್ಕ ಗುಂಪೋ ಕಲಿಕೆಗಾಗಿ ಅಥವಾ ಹಾರುವ ಆಸೆಯಿಂದ ಸ್ವಂತ ಕೈಯಲ್ಲಿ ಕಟ್ಟಿದ ವಿಮಾನಕ್ಕೆ ಹವ್ಯಾಸಿ ನಿರ್ಮಿತ ವಿಮಾನ ಎಂದು ಹೆಸರು. ಕೆಲವರು ನಕ್ಷೆಯೊಂದನ್ನೇ ಇಟ್ಟುಕೊಂಡು ಮೊದಲಿನಿಂದ ಕಟ್ಟುತ್ತಾರೆ. ಹೆಚ್ಚಿನವರು ಬಿಡಿಭಾಗಗಳ ಕಿಟ್ ತರಿಸಿ ಜೋಡಿಸುತ್ತಾರೆ. ಅಮೆರಿಕದ ನಿಯಮದಂತೆ ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹವ್ಯಾಸಿಯೇ ಮಾಡಿರಬೇಕು. ಇಲ್ಲದಿದ್ದರೆ ಅದು ಈ ವರ್ಗಕ್ಕೆ ಸೇರುವುದಿಲ್ಲ. ಕಾರ್ಖಾನೆಯ ವಿಮಾನ ಕೆಳಗೆ ಬಿದ್ದರೆ ವಿನ್ಯಾಸಕ, ತಯಾರಕ, ಮಾರಾಟಗಾರ, ದುರಸ್ತಿ ಸಂಸ್ಥೆ, ಒಡೆಯ, ಪೈಲಟ್ ಇವರಲ್ಲಿ ತಪ್ಪು ಯಾರದೆಂದು ಕಾನೂನು ಹುಡುಕುತ್ತದೆ, ನಷ್ಟವನ್ನು ಅವರವರ ತಪ್ಪಿಗೆ ತಕ್ಕಂತೆ ಹಂಚುತ್ತದೆ. ಹವ್ಯಾಸಿಯ ವಿಮಾನದಲ್ಲಿ ಈ ಪಾತ್ರಗಳೆಲ್ಲ ಬಹುಮಟ್ಟಿಗೆ ಒಬ್ಬನಲ್ಲೇ ಕೂಡಿರುತ್ತವೆ. ಹೊಣೆ ಹಂಚಿಕೊಳ್ಳಲು ಅವನಿಗೆ ಬೇರೆಯವರಿಲ್ಲ. ಪರಿಹಾರ ಕೇಳಲು ಗಾಯಗೊಂಡವನಿಗೂ ಬೇರೆಯವರಿಲ್ಲ. ಈ ವಿಷಯದ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ. ಇಲ್ಲಿ ವಿಮೆಯು ವಿಮಾನ ಕಟ್ಟಿದವನಿಗಿಂತ ಹೆಚ್ಚಾಗಿ ಕೆಳಗೆ ಹೊಲದಲ್ಲಿ ನಿಂತವನಿಗೆ ಬೇಕಾದದ್ದು.

ಭಾರತದಲ್ಲಿ ಈ ಬಗೆಯ ವಿಮಾನಗಳು ವಿರಳ. ಮುಂಬಯಿಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ಆರು ಆಸನಗಳ ವಿಮಾನ ಇವುಗಳಲ್ಲಿ ಹೆಸರಾದದ್ದು. 2016ರ ಫೆಬ್ರುವರಿಯಲ್ಲಿ ಮುಂಬಯಿಯ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಜನ ಅದನ್ನು ಕಂಡರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅದನ್ನು ನೋಂದಾಯಿಸಿದ್ದು 2017ರ ನವೆಂಬರಿನಲ್ಲಿ, ಹಾರಾಟಕ್ಕೆ ಪರವಾನಗಿ ಸಿಕ್ಕಿದ್ದು 2019ರಲ್ಲಿ. ಕರ್ನಾಟಕದ ಕೊಡುಗೆ ಬೇರೆ ಬಗೆಯದು. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ಎಂಬ ಎರಡು ಆಸನಗಳ ಹಗುರ ವಿಮಾನ ಕಿಟ್ ರೂಪದಲ್ಲಿ ಹೊರದೇಶಗಳಿಗೆ ಹೋಯಿತು, ಬ್ರಿಟನ್ನಿನ ಹವ್ಯಾಸಿಗಳು ಅದನ್ನು ತಮ್ಮ ಕೊಟ್ಟಿಗೆಗಳಲ್ಲಿ ಜೋಡಿಸಿ ಹಾರಿಸಿದರು. ರಾಜ್ಯದಲ್ಲಿ ಹಗುರ ವಿಮಾನಗಳ ಹಾರಾಟಕ್ಕೆ ಬೆಂಗಳೂರಿನ ಜಕ್ಕೂರು ಮೊದಲಿನಿಂದಲೂ ಕೇಂದ್ರ.

ನೆಲದ ಮೇಲಿನ ನಷ್ಟವನ್ನು ಮುಂದೆ ಉದಾಹರಣೆಯಾಗಿ ಲೆಕ್ಕ ಹಾಕಿರುವ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಹತ್ತಿರದ ವಿಮಾನ ನಿಲ್ದಾಣ ಸಾಂಬ್ರಾ. ಪೈಲಟ್ ತರಬೇತಿಯೂ ನಡೆಯುವ ಆ ನಿಲ್ದಾಣದಿಂದ 2023ರ ಮೇ 30ರಂದು ಹೊರಟ ತರಬೇತಿ ವಿಮಾನವೊಂದು ಸಮೀಪದ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯಗಳಾದವು. ಅದು ಕಾರ್ಖಾನೆಯಲ್ಲಿ ತಯಾರಾದ ವಿಮಾನ. ಆದರೂ ಚಿಕ್ಕ ವಿಮಾನಕ್ಕೆ ತೊಂದರೆಯಾದಾಗ ಅದು ಇಳಿಯುವುದು ಯಾರದೋ ಬೆಳೆಯ ಮೇಲೆ ಎಂಬುದು ಜಿಲ್ಲೆಯ ಜನರ ಕಣ್ಣೆದುರಿಗೆ ಬಂತು. ಈ ಭಾಗದಲ್ಲಿ ಸ್ವಂತ ಕೈಯಿಂದ ಕಟ್ಟಿ ಹಾರಿಸುವ ಸಾಧ್ಯತೆ ಹೆಚ್ಚಿರುವುದು ಡ್ರೋನಿಗೆ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿತು, ಬಿಡಿಭಾಗಗಳ ಆಮದಿಗೆ ಅಡ್ಡಿ ಮಾಡಲಿಲ್ಲ. ಮೋಟಾರು, ಬ್ಯಾಟರಿ, ನಿಯಂತ್ರಣ ಬೋರ್ಡು ತರಿಸಿ ಜೋಡಿಸುವ ದಾರಿ ಹೀಗೆ ತೆರೆದೇ ಇದೆ. ಕಾನೂನಿನ ಕಣ್ಣಿಗೆ ಡ್ರೋನೂ ಒಂದು ವಿಮಾನವೇ.

ನೆಲದ ಮೇಲಿನವರಿಗೆ ಆಗುವ ಹಾನಿ

ವಿಮಾನ ತಲೆಯ ಮೇಲೆ ಹಾರಿತು ಎಂಬ ಒಂದೇ ಕಾರಣಕ್ಕೆ ಹೊಲದ ಒಡೆಯ ಅತಿಕ್ರಮಣದ ದಾವೆ ಹೂಡಲಾರ. ಗಾಳಿ, ಹವೆ ಮೊದಲಾದ ಸಂದರ್ಭಗಳಿಗೆ ತಕ್ಕ ಎತ್ತರದಲ್ಲಿ ನಡೆದ ಹಾರಾಟದ ವಿರುದ್ಧ ಅಂಥ ದಾವೆ ನಿಲ್ಲದು ಎಂದು 1934ರ ವಿಮಾನ ಕಾಯ್ದೆಯ 17ನೇ ಕಲಂ ಹೇಳಿತ್ತು. ಆ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಂದು ಭಾರತೀಯ ವಾಯುಯಾನ ಅಧಿನಿಯಮ, 2024 ಬಂದಿದೆ. ವಿಮಾನ ಅಥವಾ ಅದರ ಒಂದು ಭಾಗ ಕೆಳಗೆ ಬಿದ್ದು ಪ್ರಾಣವೋ ಆಸ್ತಿಯೋ ಹಾಳಾದರೆ ಮಾತು ಬೇರೆ. ಆಗ ಪರಿಹಾರ ಯಾವ ನಿಯಮದ ಮೇಲೆ ಸಿಗುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಬ್ರಿಟನ್ನಿನಲ್ಲಿ ಉತ್ತರ ಸರಳ. 1982ರ ನಾಗರಿಕ ವಿಮಾನಯಾನ ಕಾಯ್ದೆಯ 76ನೇ ಕಲಮಿನಂತೆ, ನೆಲದ ಮೇಲಿನವನು ವಿಮಾನದ ಒಡೆಯನ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ವಿಮಾನದಿಂದ ಹಾನಿಯಾಯಿತು ಎಂದು ತೋರಿಸಿದರೆ ಸಾಕು. ಜರ್ಮನಿಯ ಕಾನೂನೂ ಇದೇ ಜಾಡಿನದು. 1952ರ ರೋಮ್ ಒಪ್ಪಂದ ಇದೇ ತತ್ತ್ವವನ್ನು ಗಡಿ ದಾಟಿ ಬರುವ ವಿದೇಶಿ ವಿಮಾನಗಳಿಗೆ ಅನ್ವಯಿಸಿತು. ದೇಶದೊಳಗೇ ಕಟ್ಟಿ ಹಾರಿಸಿದ ವಿಮಾನಕ್ಕೂ ಅದಕ್ಕೂ ಸಂಬಂಧವಿಲ್ಲ.

ಭಾರತದಲ್ಲಿ ಮನುಷ್ಯರು ಕುಳಿತು ಹಾರುವ ಖಾಸಗಿ ವಿಮಾನದಿಂದ ನೆಲದಲ್ಲಿ ಹಾನಿಯಾದರೆ ಆಧಾರ ಸಾಮಾನ್ಯ ಅಪಕೃತ್ಯ ಕಾನೂನೇ. ವಾದಿ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕು. ಬೆಸುಗೆ ಸರಿಯಿರಲಿಲ್ಲ, ಇಂಧನದ ಕೊಳವೆ ಸಡಿಲವಾಗಿತ್ತು, ಪೈಲಟ್ ಹವೆ ನೋಡದೆ ಹೊರಟ ಎಂದು ತೋರಿಸುವ ಹೊರೆ ಹೊಲದಲ್ಲಿ ಕಳೆ ಕೀಳುತ್ತಿದ್ದವನ ಮೇಲೆ ಬೀಳುತ್ತದೆ. ಘಟನೆಯೇ ತಪ್ಪನ್ನು ಸಾರುತ್ತದೆ ಎಂಬ ಸಾಕ್ಷ್ಯದ ನಿಯಮ ಆ ಹೊರೆಯನ್ನು ಸ್ವಲ್ಪ ಇಳಿಸುತ್ತದೆ, ಏಕೆಂದರೆ ಎಚ್ಚರದಿಂದ ಕಟ್ಟಿ ಎಚ್ಚರದಿಂದ ಹಾರಿಸಿದ ವಿಮಾನ ಸಾಮಾನ್ಯವಾಗಿ ಬೀಳುವುದಿಲ್ಲ. ಇನ್ನೊಂದು ದಾರಿ 1868ರ ರೈಲ್ಯಾಂಡ್ಸ್ ಪ್ರಕರಣದಿಂದ ಬಂದ ಕಟ್ಟುನಿಟ್ಟಿನ ಹೊಣೆಯ ತತ್ತ್ವ. ಅಪಾಯಕಾರಿ ವಸ್ತುವನ್ನು ತಂದಿಟ್ಟುಕೊಂಡವನು ತನ್ನ ತಪ್ಪಿಲ್ಲದಿದ್ದರೂ ಅದರ ಹಾನಿಗೆ ಉತ್ತರ ಕೊಡಬೇಕು ಎಂಬುದು ಅದರ ತಿರುಳು. 2001ರ ಕೌಶ್ನುಮಾ ಬೇಗಂ ಪ್ರಕರಣದಲ್ಲಿ ಜೀಪಿನ ಟಯರು ಸಿಡಿದು ದಾರಿಹೋಕನೊಬ್ಬ ಸತ್ತಿದ್ದ, ಚಾಲಕನ ನಿರ್ಲಕ್ಷ್ಯ ಸಾಬೀತಾಗಿರಲಿಲ್ಲ. ಸುಪ್ರೀಂ ಕೋರ್ಟು ಈ ತತ್ತ್ವದ ಮೇಲೆ ಪರಿಹಾರ ಕೊಡಿಸಿತು. ಸಿಡಿದ ಟಯರಿಗೆ ಸಲ್ಲುವ ನ್ಯಾಯ ಆಕಾಶದಲ್ಲಿ ನಿಂತುಹೋದ ಎಂಜಿನ್ನಿಗೂ ಸಲ್ಲಬೇಕೆಂದು ವಾದಿಸಲು ಇದು ಗಟ್ಟಿ ನೆಲೆ.

ತತ್ತ್ವಕ್ಕಿಂತ ಹೆಚ್ಚು ಕಾಡುವುದು ದಾರಿ. ರಸ್ತೆ ಅಪಘಾತದಲ್ಲಿ ಗಾಯಗೊಂಡವನಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಇದೆ. ಅಲ್ಲಿ ಶುಲ್ಕ ಅತ್ಯಲ್ಪ, ವಿಮಾ ಕಂಪನಿ ನೇರ ಪ್ರತಿವಾದಿ. ವಿಮಾನ ಬಿದ್ದು ಗಾಯಗೊಂಡವನು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು, ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಕಟ್ಟಬೇಕು. ಸಾವು ಸಂಭವಿಸಿದ್ದರೆ ಹೆಂಡತಿ, ಗಂಡ, ತಂದೆತಾಯಿ, ಮಕ್ಕಳ ಪರವಾಗಿ 1855ರ ಮಾರಕ ಅಪಘಾತಗಳ ಕಾಯ್ದೆಯಡಿ ದಾವೆ ಹೂಡಬೇಕು. ಅದಕ್ಕೆ ಎರಡು ವರ್ಷಗಳ ಕಾಲಮಿತಿ. ಗೆದ್ದ ಮೇಲೂ ಡಿಕ್ರಿಯ ಹಣ ಬರುವುದು ಹವ್ಯಾಸಿಯ ಸ್ವಂತ ಆಸ್ತಿಯಿಂದ. ಅವನೂ ಅದೇ ಅಪಘಾತದಲ್ಲಿ ಸತ್ತಿದ್ದರೆ ಅವನ ವಾರಸುದಾರರ ಕೈಗೆ ಬಂದ ಆಸ್ತಿಯಷ್ಟೇ ಅದಕ್ಕೆ ಆಧಾರ.

ಕಟ್ಟಿದವನು ಮಾರಿದಾಗ

ತಾನೇ ಕಟ್ಟಿ ತಾನೇ ಹಾರಿಸುವವರೆಗೆ ಹೊಣೆ ಎಲ್ಲಿದೆ ಎಂಬುದು ಸ್ಪಷ್ಟ. ವಿಮಾನ ಕೈ ಬದಲಾಯಿಸಿದಾಗ ಅದು ಕವಲೊಡೆಯುತ್ತದೆ. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಕಡಲಿಗೆ ಬಿದ್ದು ಸತ್ತದ್ದು ಬೇರೊಬ್ಬರು ಕಟ್ಟಿದ ಲಾಂಗ್-ಇಝಡ್ ವಿಮಾನದಲ್ಲಿ. ಇಂಧನದ ತೊಟ್ಟಿ ಬದಲಿಸುವ ಹಿಡಿಕೆಯನ್ನು ಕಟ್ಟಿದವರು ಮೂಲ ನಕ್ಷೆಯಲ್ಲಿದ್ದ ಜಾಗ ಬಿಟ್ಟು ಪೈಲಟ್ಟಿನ ಎಡಭುಜದ ಹಿಂದೆ ಇಟ್ಟಿದ್ದರು. ಅದನ್ನು ತಿರುಗಿಸಲು ಹಿಂದಕ್ಕೆ ಹೊರಳಿದಾಗ ವಿಮಾನ ಹತೋಟಿ ತಪ್ಪಿತು ಎಂದು ತನಿಖೆ ಕಂಡುಕೊಂಡಿತು. ಹಿಡಿಕೆಯ ಜಾಗ, ಅದರ ಮೇಲೆ ಗುರುತುಗಳಿಲ್ಲದಿದ್ದುದು, ತೊಟ್ಟಿಯಲ್ಲಿ ಇಂಧನ ಕಡಿಮೆಯಿದ್ದುದು, ಆ ವಿಮಾನದಲ್ಲಿ ಪೈಲಟ್ಟಿಗಿದ್ದ ಅಲ್ಪ ಅನುಭವ ಎಲ್ಲವೂ ವರದಿಗೆ ಬಂದವು. ನಕ್ಷೆಯಲ್ಲಿ ಮಾಡಿಕೊಂಡ ಒಂದು ಸಣ್ಣ ಬದಲಾವಣೆ ಹೊಣೆಯನ್ನು ವಿನ್ಯಾಸಕನಿಂದ ಬಿಡಿಸಿ ಕಟ್ಟಿದವನ ಕಡೆಗೆ ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಆ ವಿಮಾನದ ವಿನ್ಯಾಸಕ ಬರ್ಟ್ ರುಟಾನ್ ಅವರ ಸಂಸ್ಥೆ 1985ರಲ್ಲೇ ನಕ್ಷೆಗಳ ಮಾರಾಟ ನಿಲ್ಲಿಸಿತ್ತು. ಹೊಣೆಯ ದಾವೆಗಳ ಭಯ ಅದಕ್ಕೆ ಒಂದು ಕಾರಣ.

ಭಾರತದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಉತ್ಪನ್ನ ಹೊಣೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಬೇರೆಯವರು ಮಾಡಿದ ಭಾಗಗಳನ್ನು ಜೋಡಿಸುವವನೂ ಅದರ ದೃಷ್ಟಿಯಲ್ಲಿ ತಯಾರಕನೇ. ಮಾರಾಟಗಾರ ಎನಿಸಿಕೊಳ್ಳಲು ಮಾತ್ರ ಅದು ವ್ಯಾಪಾರದ ನಡೆಯಲ್ಲಿ ಆಗಿರಬೇಕು. ಹವ್ಯಾಸಕ್ಕೆ ಕಟ್ಟಿದ ಒಂದೇ ಯಂತ್ರವನ್ನು ಮಾರಿದವನು ಮಾರಾಟಗಾರನ ಹೊಣೆಯಿಂದ ತಪ್ಪಿಸಿಕೊಳ್ಳಬಹುದು. ತಯಾರಕನ ಹೊಣೆಯಿಂದ ತಪ್ಪಿಸಿಕೊಳ್ಳುವುದು ಅಷ್ಟು ಸುಲಭವಲ್ಲ. ಈ ಕಾಯ್ದೆಯ ಬಾಗಿಲು ತೆರೆಯುವುದು ಗ್ರಾಹಕನಿಗೆ. ನೆಲದ ಮೇಲೆ ಗಾಯಗೊಂಡ ಮೂರನೆಯವನಿಗೆ ಸಿವಿಲ್ ದಾವೆಯೇ ಗತಿ. ಕಟ್ಟುವಾಗ ದಿನದಿನಕ್ಕೆ ಬರೆದಿಟ್ಟ ದಾಖಲೆ ಪುಸ್ತಕ, ಫೋಟೋಗಳು, ಬಿಡಿಭಾಗಗಳ ರಸೀದಿಗಳು ಇಂಥ ವ್ಯಾಜ್ಯದಲ್ಲಿ ಕಟ್ಟಿದವನ ಮುಖ್ಯ ರಕ್ಷಣೆ. ಮಾರಿದ ಮೇಲೂ ಅವುಗಳ ಪ್ರತಿ ಇಟ್ಟುಕೊಳ್ಳುವುದು ಅನುಭವಸ್ಥರ ರೂಢಿ.

ಪಕ್ಕದ ಆಸನದವನು

ಜೊತೆಗೆ ಹಾರಲು ಒಪ್ಪಿದ ಗೆಳೆಯ ಅಪಾಯವನ್ನು ತಿಳಿದೇ ಒಪ್ಪಿದ್ದಾನೆ ಎಂಬ ವಾದಕ್ಕೆ ನ್ಯಾಯಾಲಯಗಳು ಪೂರ್ಣ ಮನ್ನಣೆ ಕೊಡುವುದಿಲ್ಲ. ಹಾರಾಟದ ಸಹಜ ಅಪಾಯವನ್ನು ಅವನು ಒಪ್ಪಿರಬಹುದು, ಕಟ್ಟಿದವನ ಅಜಾಗರೂಕತೆಯನ್ನು ಒಪ್ಪಿರುವುದಿಲ್ಲ. ಸಹಿ ಹಾಕಿಸಿಕೊಂಡ ಮುಚ್ಚಳಿಕೆ ಅವನ ಹೆಂಡತಿ ಮಕ್ಕಳ ಹಕ್ಕನ್ನು ಕಿತ್ತುಕೊಳ್ಳುವಷ್ಟು ಬಲವಾದುದೂ ಅಲ್ಲ. ಅಮೆರಿಕದಲ್ಲಿ ಇಂಥ ವಿಮಾನದೊಳಗೆ ಇದು ಸಾಮಾನ್ಯ ವಿಮಾನದ ಸುರಕ್ಷಾ ನಿಯಮಗಳಿಗೆ ಒಳಪಟ್ಟಿಲ್ಲ ಎಂಬ ಎಚ್ಚರಿಕೆಯನ್ನು ಎದ್ದು ಕಾಣುವಂತೆ ಬರೆದಿರಬೇಕು.

ಪ್ರಯಾಣಿಕ ತನ್ನ ಸ್ವಂತ ಪಾಲಿಸಿಯ ಮೇಲೆ ಭರವಸೆ ಇಟ್ಟುಕೊಂಡರೆ ಅದೂ ಕೈಕೊಡಬಹುದು. ಭಾರತೀಯ ಜೀವ ವಿಮಾ ನಿಗಮದ ಅಪಘಾತ ಸೌಲಭ್ಯದ ಷರತ್ತುಗಳು ವಿಮಾನಯಾನವನ್ನು ಹೊರಗಿಡುತ್ತವೆ. ಪ್ರಯಾಣಿಕರನ್ನು ಒಯ್ಯಲು ಅಧಿಕೃತ ಅನುಮತಿಯಿದ್ದು, ಸ್ಥಾಪಿತ ನಿಲ್ದಾಣಗಳ ನಡುವೆ ಹಾರುವ ವಿಮಾನದ ಪ್ರಯಾಣಿಕನಿಗೆ ಮಾತ್ರ ಅಲ್ಲಿ ವಿನಾಯಿತಿ. ಹೊಲದ ದಾರಿಯಿಂದ ಎದ್ದ ಸ್ವಂತ ಕೈಯ ವಿಮಾನ ಆ ವಿನಾಯಿತಿಯೊಳಗೆ ಬರುವುದಿಲ್ಲ. 2020ರ ಅಕ್ಟೋಬರ್ 2ರಂದು ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದ ಬಳಿ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು, ಪ್ರಯಾಣಿಕರಾಗಿದ್ದ ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. ಇಂಥ ಸಾಹಸ ಹಾರಾಟಕ್ಕೆ ಏರುವ ಮುನ್ನ ಪಾಲಿಸಿಯ ಹೊರಗಿಡುವ ಷರತ್ತುಗಳನ್ನು ಓದಿಕೊಳ್ಳುವುದು ಅಗತ್ಯ.

ಡ್ರೋನ್: ಬೇರೆಯದೇ ದಾರಿ

2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳ 44ನೇ ನಿಯಮ ಮೋಟಾರು ವಾಹನ ಕಾಯ್ದೆ, 1988ರ ಅವಕಾಶಗಳನ್ನು ತಕ್ಕ ಬದಲಾವಣೆಗಳೊಂದಿಗೆ ಡ್ರೋನಿನ ಥರ್ಡ್ ಪಾರ್ಟಿ ವಿಮೆಗೂ, ಅದರಿಂದ ಜೀವ ಅಥವಾ ಆಸ್ತಿಗಾದ ಹಾನಿಯ ಪರಿಹಾರಕ್ಕೂ ಅನ್ವಯಿಸಿದೆ. 250 ಗ್ರಾಮಿನೊಳಗಿನ ನ್ಯಾನೋ ಡ್ರೋನಿಗೆ ಮಾತ್ರ ವಿಮೆಯಿಂದ ವಿನಾಯಿತಿ. ಇದರ ಫಲ ವಿಚಿತ್ರವಾಗಿದೆ. ಮೂರು ಕಿಲೋ ತೂಕದ ಡ್ರೋನ್ ತಲೆಗೆ ಬಡಿದವನಿಗೆ ರಸ್ತೆ ಅಪಘಾತದವನಿಗಿರುವ ದಾರಿಯನ್ನು ಹಿಡಿಯಲು ಕಾನೂನಿನ ಆಧಾರವಿದೆ. ನಾಲ್ಕುನೂರು ಕಿಲೋ ತೂಕದ ಹಗುರ ವಿಮಾನ ಮನೆಯ ಮೇಲೆ ಬಿದ್ದವನಿಗೆ ಅದಿಲ್ಲ. ರಸ್ತೆಯಲ್ಲಿ ತಪ್ಪು ಯಾರದೆಂದು ಕೇಳದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೊಡಿಸುವ 164ನೇ ಕಲಮನ್ನು ಡ್ರೋನಿನ ಪ್ರಕರಣದಲ್ಲೂ ಮುಂದಿಡಬಹುದು. ಆಕಾಶದಿಂದ ಬೀಳುವ ವಸ್ತು ಭಾರವಾದಷ್ಟೂ ಪರಿಹಾರ ದೂರವಾಗುವ ಈ ಸ್ಥಿತಿ ಸರಿಯಾಗಬೇಕಾದದ್ದು. 44ನೇ ನಿಯಮವನ್ನು ಚಿಕ್ಕ ಖಾಸಗಿ ವಿಮಾನಗಳಿಗೂ ಚಾಚಿದರೆ ಕೊರತೆಯ ಬಹುಪಾಲು ನೀಗುತ್ತದೆ.

ಸ್ವಂತವಾಗಿ ಜೋಡಿಸಿದ ಡ್ರೋನಿಗೆ ಇನ್ನೊಂದು ಗೆರೆ ಮುಖ್ಯ. 25 ಕಿಲೋ ಮೀರದ, ಕಲಿಕೆ, ಸಂಶೋಧನೆ, ಪರೀಕ್ಷೆ ಅಥವಾ ಮನರಂಜನೆಗೆ ಕಣ್ಣಳತೆಯಲ್ಲಿ ಹಾರಿಸುವ ಮಾದರಿ ಡ್ರೋನಿಗೆ ಟೈಪ್ ಸರ್ಟಿಫಿಕೇಟ್ ಎಂಬ ಪ್ರಮಾಣಪತ್ರ ಬೇಡ. ಕಾಲೇಜಿನ ಹುಡುಗರು ಪ್ರಯೋಗಕ್ಕೆ ಕಟ್ಟಿದ್ದು ಈ ವರ್ಗಕ್ಕೆ ಸೇರುತ್ತದೆ. ಅದಕ್ಕೇ ಔಷಧದ ಡಬ್ಬಿ ಕಟ್ಟಿ ಬಾಡಿಗೆಗೆ ಕಬ್ಬಿನ ಪಡಕ್ಕೆ ಸಿಂಪಡಿಸತೊಡಗಿದ ಕೂಡಲೇ ಅದು ವರ್ಗ ಮೀರುತ್ತದೆ. ಪ್ರಮಾಣಪತ್ರವಿಲ್ಲದ ಯಂತ್ರದ ವ್ಯಾಪಾರ ಎನಿಸಿಕೊಳ್ಳುತ್ತದೆ. ಹವ್ಯಾಸದ ಹೆಸರಲ್ಲಿ ತೆಗೆದ ಪಾಲಿಸಿ ಆಗ ರಕ್ಷಣೆ ಕೊಡುವುದಿಲ್ಲ. 2023ರ ನವೆಂಬರಿನಲ್ಲಿ ಮಂಜೂರಾದ ನಮೋ ಡ್ರೋನ್ ದೀದಿ ಯೋಜನೆ ದೇಶದ 15,000 ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿದೆ. ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ ಅದರಲ್ಲಿದೆ. ಬಾಡಿಗೆ ಸಿಂಪಡಣೆಗೆ ಇಳಿಯುವ ಸಂಘಕ್ಕೆ ಸ್ವಂತ ಜೋಡಣೆಗಿಂತ ಅದು ಭದ್ರವಾದ ದಾರಿ.

ಸಿಂಪಡಣೆಯಲ್ಲಿ ಡ್ರೋನ್ ಬೀಳದೆಯೂ ಹಾನಿಯಾಗುತ್ತದೆ. ಕಬ್ಬಿನ ಕಳೆಗೆ ಹೊಡೆಯುವ 2,4-ಡಿ ಅಗಲ ಎಲೆಯ ಬೆಳೆಗಳಿಗೆ ವಿಷ. ಗಾಳಿ ತಿರುಗಿದರೆ ಅದರ ತುಂತುರು ಬದು ದಾಟಿ ಪಕ್ಕದವನ ಹತ್ತಿ, ದ್ರಾಕ್ಷಿ, ತರಕಾರಿಯ ಮೇಲೆ ಬಿದ್ದು ಎಲೆ ಮುರುಟಿಸುತ್ತದೆ. ವಿಮಾನ ವಿಮೆಯಲ್ಲಿ ಲಂಡನ್ ಮಾರುಕಟ್ಟೆಯಿಂದ ಬಂದ ಎವಿಎನ್ 46ಬಿ ಎಂಬ ಷರತ್ತು ಬಳಕೆಯಲ್ಲಿದೆ. ಅಪಘಾತ, ಬೆಂಕಿ, ಸ್ಫೋಟ, ಡಿಕ್ಕಿ ಅಥವಾ ಹಾರಾಟದ ತುರ್ತು ಸ್ಥಿತಿಯಿಂದಲ್ಲದೆ ಆದ ಮಾಲಿನ್ಯದ ಹಾನಿಯನ್ನು ಅದು ಹೊರಗಿಡುತ್ತದೆ. ಆ ಷರತ್ತು ಇರುವ ಪಾಲಿಸಿಯಲ್ಲಿ ಡ್ರೋನ್ ಬಿದ್ದು ಔಷಧ ಚೆಲ್ಲಿದರೆ ಪರಿಹಾರ ಉಂಟು, ಗಾಳಿಗೆ ತೇಲಿಹೋದರೆ ಇಲ್ಲ. ಸಿಂಪಡಣೆಯ ರಾಸಾಯನಿಕ ಹಾನಿಗೆ ಪ್ರತ್ಯೇಕ ರಕ್ಷಣೆ ಇದೆಯೇ ಎಂಬುದನ್ನು ಪ್ರೀಮಿಯಂ ಕಟ್ಟುವ ಮುನ್ನ ಬರಹದಲ್ಲಿ ಕೇಳಿ ಪಡೆಯಬೇಕು.

ಪಾಲಿಸಿಯ ಒಳಗೆ

ವಿಮಾನ ವಿಮೆಯ ಪಾಲಿಸಿಗೆ ರೂಢಿಯಲ್ಲಿ ಮೂರು ಭಾಗ: ವಿಮಾನಕ್ಕೇ ಆಗುವ ನಷ್ಟ, ಮೂರನೆಯವರಿಗೆ ಕೊಡಬೇಕಾದ ಪರಿಹಾರ, ಪ್ರಯಾಣಿಕರಿಗೆ ಕೊಡಬೇಕಾದ ಪರಿಹಾರ. ಮೊದಲನೆಯದರಲ್ಲಿ ಸ್ವಂತ ಕೈಯ ವಿಮಾನಕ್ಕೆ ಬೆಲೆ ಕಟ್ಟುವುದೇ ಕಷ್ಟ. ಕಟ್ಟಿದವನ ಸಾವಿರಾರು ಗಂಟೆಗಳ ದುಡಿಮೆಗೆ ರಸೀದಿ ಇರುವುದಿಲ್ಲ. ಹೀಗಾಗಿ ಎರಡೂ ಕಡೆಯವರು ಮೊದಲೇ ಒಪ್ಪಿದ ಮೊತ್ತವನ್ನು ಪಾಲಿಸಿಯಲ್ಲಿ ಬರೆಯುವುದು ವಾಡಿಕೆ. ಮೊದಲ ಹಾರಾಟಗಳ ಕಾಲದಲ್ಲಿ, ಅಮೆರಿಕದಲ್ಲಾದರೆ 25 ಅಥವಾ 40 ಗಂಟೆಗಳ ಪರೀಕ್ಷೆ ಮುಗಿಯುವವರೆಗೆ, ಅನೇಕ ಕಂಪನಿಗಳು ವಿಮಾನದ ನಷ್ಟವನ್ನು ವಹಿಸಿಕೊಳ್ಳಲು ಹಿಂಜರಿಯುತ್ತವೆ, ಮೂರನೆಯವರ ಭಾಗವನ್ನಷ್ಟೇ ಒಪ್ಪುತ್ತವೆ. ಅಪಾಯ ಹೆಚ್ಚಿರುವುದು ಆ ಹೊತ್ತಿನಲ್ಲೇ. ಯಂತ್ರ ಕಳೆದುಕೊಳ್ಳುವ ಭಯವನ್ನು ಹವ್ಯಾಸಿ ತಾನೇ ಹೊರಬೇಕಾಗುತ್ತದೆ.

ಮೊತ್ತ ಎಷ್ಟಿರಬೇಕು ಎಂಬುದಕ್ಕೆ ಯುರೋಪಿನ ಒಕ್ಕೂಟದ 785/2004 ನಿಯಮ ಒಳ್ಳೆಯ ಅಳತೆಗೋಲು. 500 ಕಿಲೋಗಿಂತ ಕಡಿಮೆ ತೂಕದ ವಿಮಾನಕ್ಕೂ ಮೂರನೆಯವರ ಪರವಾಗಿ 7.5 ಲಕ್ಷ ಎಸ್‌ಡಿಆರ್, 1,000 ಕಿಲೋದೊಳಗಿನದಕ್ಕೆ 15 ಲಕ್ಷ ಎಸ್‌ಡಿಆರ್ ವಿಮೆ ಅಲ್ಲಿ ಕಡ್ಡಾಯ. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಅಮೆರಿಕದ ಕೇಂದ್ರ ಕಾನೂನು ಖಾಸಗಿ ವಿಮಾನಕ್ಕೆ ವಿಮೆಯನ್ನು ಕಡ್ಡಾಯ ಮಾಡಿಲ್ಲ.

ಪಾಲಿಸಿ ಇದ್ದೂ ಕ್ಲೇಮು ತಿರಸ್ಕೃತವಾಗುವ ಕಾರಣಗಳು ಬಹುತೇಕ ಒಂದೇ ಬಗೆಯವು: ಪೈಲಟ್ಟಿಗೆ ಪರವಾನಗಿ ಇರಲಿಲ್ಲ, ಹಾರಾಟ ಯೋಗ್ಯತೆಯ ಪತ್ರದ ಅವಧಿ ಮುಗಿದಿತ್ತು, ಪಾಲಿಸಿಯಲ್ಲಿ ಹೇಳಿದ್ದಕ್ಕಿಂತ ಬೇರೆ ಕೆಲಸಕ್ಕೆ ವಿಮಾನ ಬಳಸಲಾಗಿತ್ತು, ಕಟ್ಟುವಾಗ ಮಾಡಿದ ಬದಲಾವಣೆಯನ್ನು ಮುಚ್ಚಿಡಲಾಗಿತ್ತು. ವಿಮೆ ಪೂರ್ಣ ಸದ್ಭಾವನೆಯ ಕರಾರು. ಎಂಜಿನ್ ಕಾರಿನದೋ ಬೈಕಿನದೋ ಆಗಿದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಬೇಕು. 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನಂತೆ ಪ್ರೀಮಿಯಂ ಕೈಸೇರುವವರೆಗೆ ಕಂಪನಿ ಅಪಾಯವನ್ನು ವಹಿಸಿಕೊಳ್ಳುವಂತಿಲ್ಲ; ಏಜೆಂಟನ ಬಾಯಿಮಾತಿನ ಮೇಲೆ ಹಾರಿದವನಿಗೆ ರಕ್ಷಣೆ ಇಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ನಷ್ಟದ ಲೆಕ್ಕ

ಘಟಪ್ರಭೆಯ ನೀರು ಹರಿಯುವ ಈ ಮೂರು ತಾಲ್ಲೂಕುಗಳಲ್ಲಿ ಕಬ್ಬು ಪ್ರಧಾನ ಬೆಳೆ. ಗೋವಿನಜೋಳ, ಅರಿಶಿಣವೂ ಇವೆ. ಕಟಾವಿಗೆ ಬಂದ ಕಬ್ಬಿನ ಒಣ ರವದಿಗೆ ಬೆಂಕಿ ತಗುಲಲು ಒಡೆದ ಲಿಥಿಯಂ ಬ್ಯಾಟರಿ ಅಥವಾ ಸೋರಿದ ಪೆಟ್ರೋಲು ಸಾಕು. ಬೆಂಕಿ ಒಂದು ಪಡದಲ್ಲಿ ನಿಲ್ಲುವುದಿಲ್ಲ. ಸುಟ್ಟ ಕಬ್ಬನ್ನು ತಡಮಾಡದೆ ಕಾರ್ಖಾನೆಗೆ ಸಾಗಿಸದಿದ್ದರೆ ಸಕ್ಕರೆ ಅಂಶ ಇಳಿಯುತ್ತದೆ, ದರದಲ್ಲೂ ಕಡಿತವಾಗುತ್ತದೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ನಡೆದ ರೈತರ ದೊಡ್ಡ ಹೋರಾಟದ ಬಳಿಕ ಸರ್ಕಾರ ಟನ್ನಿಗೆ 3,300 ರೂಪಾಯಿ ದರ ಘೋಷಿಸಿತು. ಆ ದರದಲ್ಲಿ ಎಕರೆಗೆ 40 ಟನ್ ಬರುವ ಪಡ ಪೂರ್ತಿ ಹಾಳಾದರೆ ಎಕರೆಗೆ 1.32 ಲಕ್ಷ ರೂಪಾಯಿ ನಷ್ಟ. ಕುಳೆ ಬೆಳೆಯ ಬೇರಿಗೂ ಪೆಟ್ಟಾದರೆ ಮುಂದಿನ ವರ್ಷದ್ದನ್ನೂ ಸೇರಿಸಬೇಕು. ಹತ್ತು ಎಕರೆಗೆ ಹಬ್ಬಿದ ಬೆಂಕಿಯ ನಷ್ಟ ಸ್ವಂತವಾಗಿ ಜೋಡಿಸಿದ ಚಿಕ್ಕ ಡ್ರೋನಿನ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ.

ವಿದ್ಯುತ್ ತಂತಿ ಹರಿದರೆ ಪರಿಹಾರ ಕೇಳುವವರು ತಾಲ್ಲೂಕಿನ ಮೇಲೆ ಬದಲಾಗುತ್ತಾರೆ. ಗೋಕಾಕ, ಮೂಡಲಗಿಗಳಲ್ಲಿ ಅದು ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂ. ಹುಕ್ಕೇರಿ ತಾಲ್ಲೂಕಿನಲ್ಲಿ ವಿದ್ಯುತ್ ಹಂಚುವುದು 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಅಲ್ಲಿ ನಷ್ಟ ಅನುಭವಿಸುವವರು ಸಂಘದ ಸದಸ್ಯರಾದ ಬಳಕೆದಾರರೇ. ಧೂಪದಾಳದ ಘಟಪ್ರಭಾ ಪಕ್ಷಿಧಾಮದ ಮೇಲೆ ಡ್ರೋನ್ ಹಾರಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆಗಾಲದಲ್ಲಿ ಗೋಕಾಕ ಜಲಪಾತದ ಬಳಿ ಸೇರುವ ಜನರ ತಲೆಯ ಮೇಲೆ ಸ್ವಂತವಾಗಿ ಜೋಡಿಸಿದ ಯಂತ್ರ ಹಾರಿಸುವುದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗಬಹುದು.

ಅಪಘಾತದ ನಂತರ

ಪರಿಹಾರದ ಹೊಣೆಯನ್ನು ವಿಮೆಗೆ ದಾಟಿಸಬಹುದು, ದಂಡ ಮತ್ತು ಸೆರೆವಾಸವನ್ನು ದಾಟಿಸಲಾಗದು. ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ಐದು ವರ್ಷಗಳವರೆಗೆ ಶಿಕ್ಷೆ ಆಗಬಹುದು. ಇತರರ ಜೀವಕ್ಕೆ ಅಪಾಯ ತಂದದ್ದಕ್ಕೆ 125ನೇ ಕಲಂ ಇದೆ. ಪೈಲಟ್ ಇರುವ ವಿಮಾನದ ಅಪಘಾತವನ್ನು ವಿಮಾನ ಅಪಘಾತ ತನಿಖಾ ಬ್ಯೂರೋಗೆ ತಿಳಿಸಬೇಕು, ಅವಶೇಷಗಳನ್ನು ಅನುಮತಿಯಿಲ್ಲದೆ ಕದಲಿಸಬಾರದು. ಬ್ಯೂರೋದ ತನಿಖೆಯ ಉದ್ದೇಶ ಮುಂದಿನ ಅಪಘಾತ ತಪ್ಪಿಸುವುದೇ ಹೊರತು ತಪ್ಪು ಹೊರಿಸುವುದಲ್ಲ. ಆದ್ದರಿಂದ ಪರಿಹಾರ ಕೇಳುವವರು ಅದರ ವರದಿಗೆ ಕಾಯದೆ ತಮ್ಮ ಸಾಕ್ಷ್ಯ ಕೂಡಿಸಿಕೊಳ್ಳಬೇಕು: ಪೊಲೀಸ್ ಪಂಚನಾಮೆ, ಕಂದಾಯ ಮತ್ತು ಕೃಷಿ ಇಲಾಖೆಯವರ ಬೆಳೆ ಹಾನಿ ವರದಿ, ಪಹಣಿ, ಹಿಂದಿನ ವರ್ಷಗಳಲ್ಲಿ ಕಾರ್ಖಾನೆಗೆ ಕಬ್ಬು ಕೊಟ್ಟ ತೂಕದ ಚೀಟಿ, ಗಾಯಗೊಂಡಿದ್ದರೆ ಆಸ್ಪತ್ರೆಯ ಗಾಯದ ಪ್ರಮಾಣಪತ್ರ. ಹಾರಿಸಿದವನು ವಿಮಾ ಕಂಪನಿಗೆ ಕೂಡಲೇ ಬರಹದಲ್ಲಿ ತಿಳಿಸಬೇಕು. ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಂಡು ಊರ ಹಿರಿಯರ ಮುಂದೆ ರಾಜಿ ಮಾಡಿಕೊಂಡರೆ, ಆ ಮೊತ್ತ ಕೊಡಲು ಕಂಪನಿ ನಿರಾಕರಿಸಲು ಪಾಲಿಸಿಯಲ್ಲೇ ಅವಕಾಶವಿರುತ್ತದೆ.